ಸುದ್ದಿಯೋ, ಸರಕೋ?

ನಮಸ್ಕಾರ. ಇವತ್ತು ಒಂದು ಚಿತ್ರದ ಮೇಲೆ ನನಗಿರುವ ತಕರಾರನ್ನು ಹೇಳಿಬಿಡುತ್ತೇನೆ. ಜೀವಶಾಸ್ತ್ರದ ಪಾಠದಲ್ಲಿ ರಿಸೆಪ್ಟರ್, ಅಂದರೆ ಹೊರಗಿಂದ ಬಂದದ್ದನ್ನು ಹಿಡಿಯುವ ಕೋಶದ ಪ್ರೋಟೀನ್, ಅಂದ ಕೂಡಲೇ ನಾವು ಬೀಗ, ಕೀಲಿಕೈ ಬರೆದುಬಿಡುತ್ತೇವೆ. ಕೀಲಿ ಕೂತಿತು, ಬಾಗಿಲು ತೆರೆಯಿತು, ಅಷ್ಟೇ.

ಮೊನ್ನೆ ನನ್ನ ಹತ್ತಿರ ಪಾಠಕ್ಕೆ ಬರುವ ಹುಡುಗಿಯೊಬ್ಬಳು ಎಲ್‌ಡಿಎಲ್ ರಿಸೆಪ್ಟರ್‌ನ ಚಿತ್ರ ಬರೆದು ತಂದಿದ್ದಳು. ತುಂಬಾ ಅಚ್ಚುಕಟ್ಟಾಗಿತ್ತು. ಕೋಶದ ಪೊರೆಗೆ ಹಸಿರು, ರಿಸೆಪ್ಟರ್‌ಗೆ ನೀಲಿ. ಅದರ ಬುಡದಿಂದ ಕೆಂಪು ಪೆನ್ನಿನ ಬಾಣ ನೇರವಾಗಿ ನ್ಯೂಕ್ಲಿಯಸ್‌ಗೆ. ಬಾಣದ ಮೇಲೆ ‘ಸಿಗ್ನಲ್’ ಅಂತ ಬರೆದಿದ್ದಳು. ಆ ಬಾಣ ಅಲ್ಲಿ ಇರಬಾರದು. ಆದರೆ ತಪ್ಪು ಅವಳದಲ್ಲ. ಎರಡು ಬೇರೆ ಬೇರೆ ಕೆಲಸಕ್ಕೆ ಒಂದೇ ಚಿತ್ರ ತೋರಿಸಿದ್ದು ನಾವು.

ಕೆಲವು ರಿಸೆಪ್ಟರ್‌ಗಳು ಕಾಲಿಂಗ್ ಬೆಲ್ ಇದ್ದ ಹಾಗೆ. ಹೊರಗೆ ಒತ್ತಿದರೆ ಒಳಗೆ ಸದ್ದು. ಒತ್ತಿದವರು ಒಳಗೆ ಬರಲೇಬೇಕು ಅಂತಿಲ್ಲ. ಇನ್ಸುಲಿನ್, ಅಡ್ರಿನಲಿನ್‌ಗಳ ರಿಸೆಪ್ಟರ್ ಈ ಜಾತಿಯವು. ಇನ್ನು ಕೆಲವು ಬಾವಿಗೆ ಇಳಿಯುವ ಕೊಡದ ಹಾಗೆ. ರಕ್ತದಲ್ಲಿ ಕೊಲೆಸ್ಟರಾಲ್ ಹೊತ್ತು ತಿರುಗುವ ಎಲ್‌ಡಿಎಲ್ ಕಣವನ್ನು ಹಿಡಿಯುವ ರಿಸೆಪ್ಟರ್ ಅಂಥದ್ದು. ಸುಮಾರು 10 ನಿಮಿಷಕ್ಕೊಮ್ಮೆ ಕೋಶದೊಳಗೆ ಹೋಗಿ ಮತ್ತೆ ಮೇಲೆ ಬರುತ್ತದೆ. ಕಣ ಸಿಕ್ಕಿದರೆ ತುಂಬಿಕೊಂಡು, ಸಿಗದಿದ್ದರೆ ಖಾಲಿಯಾಗಿಯೇ.

‘ಮೇಡಂ, ಎಲ್‌ಡಿಎಲ್ ಬಂದ ಮೇಲೆ ಕೋಶ ತನ್ನ ಕೊಲೆಸ್ಟರಾಲ್ ತಯಾರಿಕೆ ಕಡಿಮೆ ಮಾಡುತ್ತಲ್ಲ, ಅದು ಸಿಗ್ನಲ್ ಅಲ್ವಾ?’ ಅಂದಳು.

ನನಗೆ ಖುಷಿಯಾಯಿತು. ಇದೇ ಪ್ರಶ್ನೆಗೆ 1970ರ ದಶಕದಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಉತ್ತರ ಕಂಡುಕೊಂಡರು. ಹುಟ್ಟಿನಿಂದಲೇ ಈ ರಿಸೆಪ್ಟರ್ ಕೆಲಸ ಮಾಡದ ರೋಗಿಗಳ ಚರ್ಮದ ಕೋಶಗಳನ್ನು ಬೆಳೆಸಿದರು. ಅವಕ್ಕೆ ಎಷ್ಟು ಎಲ್‌ಡಿಎಲ್ ಸುರಿದರೂ ಕೊಲೆಸ್ಟರಾಲ್ ತಯಾರಿಕೆ ನಿಲ್ಲಲಿಲ್ಲ. ಆಮೇಲೆ ಕೊಲೆಸ್ಟರಾಲನ್ನು ಆಲ್ಕೋಹಾಲ್‌ನಲ್ಲಿ ಕರಗಿಸಿ ಹಾಕಿದರು. ಹಾಗೆ ಹಾಕಿದರೆ ಅದಕ್ಕೆ ರಿಸೆಪ್ಟರ್ ಬೇಡ, ಪೊರೆ ದಾಟಿ ತಾನೇ ಒಳಗೆ ಹೋಗುತ್ತದೆ. ತಯಾರಿಕೆ ಕಡಿಮೆಯಾಯಿತು! ಅಂದರೆ ಕೋಶಕ್ಕೆ ಸುದ್ದಿ ಮುಟ್ಟಿಸಿದ್ದು ರಿಸೆಪ್ಟರ್ ಅಲ್ಲ, ಒಳಗೆ ಬಂದ ಸರಕೇ. 1985ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಇದನ್ನೇ ತಿರುಗಿಸಿ ನೋಡಿ. ಗ್ರೇವ್ಸ್ ಕಾಯಿಲೆ ಇರುವವರ ರಕ್ತದ ರಿಪೋರ್ಟ್ ನೋಡಿದ್ದೀರಾ? ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಅಂತ ಹೇಳುವ ಹಾರ್ಮೋನ್ ಟಿಎಸ್‌ಎಚ್ ತೀರಾ ಕಡಿಮೆ, ಥೈರಾಯ್ಡ್ ಹಾರ್ಮೋನ್ ಮಾತ್ರ ಜಾಸ್ತಿ. ಟಿಎಸ್‌ಎಚ್ ಇಲ್ಲದೆ ಥೈರಾಯ್ಡ್‌ಗೆ ಕೆಲಸ ಮಾಡು ಅಂದವರು ಯಾರು? ದೇಹದ್ದೇ ಆಂಟಿಬಾಡಿ. ಅದು ಹೋಗಿ ಟಿಎಸ್‌ಎಚ್ ರಿಸೆಪ್ಟರ್‌ಗೆ ಅಂಟಿಕೊಂಡು ಬೆಲ್ ಒತ್ತುತ್ತಲೇ ಇರುತ್ತದೆ. ಯಾರ ಬೆರಳಾದರೇನು, ಸದ್ದು ಅದೇ. ಎಲ್‌ಡಿಎಲ್ ವಿಷಯದಲ್ಲಿ ಈ ಆಟ ನಡೆಯುವುದಿಲ್ಲ. ಆ ರಿಸೆಪ್ಟರ್‌ಗೆ ಆಂಟಿಬಾಡಿ ಅಂಟಿದರೆ ಕೋಶಕ್ಕೆ ಕೊಲೆಸ್ಟರಾಲ್ ಸಿಕ್ಕೀತೇ?

ಹಾಗಂತ ‘ಒಳಗೆ ಹೋದರೆ ಎಂಡೊಸೈಟೋಸಿಸ್ (ಸರಕನ್ನು ಕೋಶದೊಳಗೆ ಎಳೆದುಕೊಳ್ಳುವ) ರಿಸೆಪ್ಟರ್, ಹೊರಗೇ ಇದ್ದರೆ ಸಿಗ್ನಲ್ ರಿಸೆಪ್ಟರ್’ ಅನ್ನುವ ಸುಲಭದ ಸೂತ್ರವನ್ನು ದಯವಿಟ್ಟು ಮಕ್ಕಳಿಗೆ ಹೇಳಿಕೊಡಬೇಡಿ. ಕೋಶಕ್ಕೆ ಬೆಳೆ ಅಂತ ಹೇಳುವ ಇಜಿಎಫ್ ಎಂಬ ಪ್ರೋಟೀನ್‌ನ ರಿಸೆಪ್ಟರ್ ಪಕ್ಕಾ ಸಿಗ್ನಲ್ ರಿಸೆಪ್ಟರ್. ಆದರೂ ಬೆಲ್ ಒತ್ತಿದ ಮೇಲೆ ಅದೂ ಒಳಗೆ ಹೋಗುತ್ತದೆ, ಬಹಳ ಸಲ ಎಲ್‌ಡಿಎಲ್ ರಿಸೆಪ್ಟರ್ ಹೋಗುವ ದಾರಿಯಲ್ಲೇ, ಅಂದರೆ ಕ್ಲಾಥ್ರಿನ್ ಎಂಬ ಪ್ರೋಟೀನ್ ಹೊದ್ದ ಪೊರೆಯ ಗುಳಿಯ ಮೂಲಕ. ಹೋಗುವ ಕಾರಣ ಮಾತ್ರ ಬೇರೆ. ಇಜಿಎಫ್ ಜಾಸ್ತಿ ಇದ್ದರೆ ಒಳಗೆ ಹೋದ ಬೆಲ್‌ಗಳಲ್ಲಿ ಹೆಚ್ಚಿನವು ಕೋಶದ ಜೀರ್ಣಚೀಲವಾದ ಲೈಸೊಸೋಮ್‌ನಲ್ಲಿ ಪುಡಿಯಾಗುತ್ತವೆ. ಸದ್ದು ನಿಲ್ಲಬೇಕಲ್ಲ! ಕೊಡವಾದರೆ ಸರಕನ್ನು ಒಳಗೆ ಬಿಟ್ಟು ಮುಂದಿನ ಸುತ್ತಿಗೆ ವಾಪಸ್.

ರಿಸೆಪ್ಟರ್‌ನ ಬಾಲ, ಅಂದರೆ ಕೋಶದ ಒಳಗಿರುವ ಭಾಗ, ನೋಡಿದರೂ ಗೊತ್ತಾಗುತ್ತದೆ. ಇಜಿಎಫ್ ರಿಸೆಪ್ಟರ್‌ನ ಒಳಭಾಗದಲ್ಲಿ 500ಕ್ಕೂ ಹೆಚ್ಚು ಅಮೈನೋ ಆಮ್ಲಗಳು, ಜೊತೆಗೆ ಕೈನೇಸ್ ಎಂಬ ಕಿಣ್ವ. ಎಲ್‌ಡಿಎಲ್ ರಿಸೆಪ್ಟರ್‌ನ ಬಾಲದಲ್ಲಿ ಬರೀ 50, ಕಿಣ್ವವೇ ಇಲ್ಲ. ಆ 50ರಲ್ಲಿ ಒಂದೇ ಒಂದು ಅಮೈನೋ ಆಮ್ಲ, ಒಂದು ಟೈರೋಸಿನ್, ಬದಲಾದ ರೋಗಿಯೊಬ್ಬನ ಕೋಶಗಳನ್ನೂ ಡಲ್ಲಾಸ್‌ನವರು ನೋಡಿದ್ದರು. ರಿಸೆಪ್ಟರ್ ಎಲ್‌ಡಿಎಲ್ ಅನ್ನು ಸರಿಯಾಗಿಯೇ ಹಿಡಿಯುತ್ತಿತ್ತು. ಆದರೆ ಗುಳಿಗೆ ಸೇರಿಕೊಳ್ಳುತ್ತಿರಲಿಲ್ಲ. ಕೊಡ ತುಂಬಿದೆ, ಎಳೆಯಲು ಹಗ್ಗವಿಲ್ಲ. ಕೀಲಿ ಬೀಗಕ್ಕೆ ಸರಿಯಾಗಿ ಕೂತೂ ಕಾಯಿಲೆ ಬಂದಿದ್ದನ್ನು ಬೀಗದ ಚಿತ್ರದಲ್ಲಿ ಹೇಗೆ ತೋರಿಸುತ್ತೀರಿ, ಹೇಳಿ?

ಇದು ಸುಮ್ನೆ ಪರೀಕ್ಷೆಯ ಮಾತಲ್ಲ. ಪಿಸಿಎಸ್‌ಕೆ9 ಅನ್ನುವ ಪ್ರೋಟೀನ್ ಎಲ್‌ಡಿಎಲ್ ರಿಸೆಪ್ಟರ್‌ಗೆ ಅಂಟಿಕೊಂಡರೆ, ಒಳಗೆ ಹೋದ ಕೊಡ ಮತ್ತೆ ಮೇಲೆ ಬರುವುದಿಲ್ಲ. ಪಿಸಿಎಸ್‌ಕೆ9 ಅನ್ನು ತಡೆಯುವ ಆಂಟಿಬಾಡಿ ಔಷಧಿಗಳಿಗೆ 2015ರಲ್ಲಿ ಅಮೆರಿಕ, ಯುರೋಪ್‌ಗಳಲ್ಲಿ ಒಪ್ಪಿಗೆ ಸಿಕ್ಕಿತು. ಕೊಡ ವಾಪಸ್ ಬರುತ್ತದೆ ಅನ್ನುವುದೇ ಗೊತ್ತಿಲ್ಲದ ವಿದ್ಯಾರ್ಥಿಗೆ ಈ ಔಷಧಿ ಹೇಗೆ ಅರ್ಥವಾಗಬೇಕು?

ಒಂದು ಮಾತು ಮುಚ್ಚಿಡಬಾರದು. ಎಲ್‌ಡಿಎಲ್ ರಿಸೆಪ್ಟರ್‌ನ ಹತ್ತಿರದ ನೆಂಟರೇ ಆದ ಎರಡು ರಿಸೆಪ್ಟರ್‌ಗಳು ಮಿದುಳು ಬೆಳೆಯುವಾಗ ರೀಲಿನ್ ಎಂಬ ಪ್ರೋಟೀನ್‌ನ ಸುದ್ದಿಯನ್ನು ನರಕೋಶಕ್ಕೆ ಮುಟ್ಟಿಸುತ್ತವೆ. ಒಂದೇ ಮನೆತನ, ಕಸುಬು ಬೇರೆ. ಹುಡುಗಿಗೆ ಇದನ್ನೂ ಹೇಳಿದೆ. ಅವಳು ಕೆಂಪು ಬಾಣ ಅಳಿಸಿ, ಆ ಜಾಗದಲ್ಲಿ ಒಳಗೆ ಹೋಗಿ ಮೇಲೆ ಬರುವ ಒಂದು ಸುತ್ತು ಬರೆದಳು. ನೆಂಟರಿಬ್ಬರಿಗೆ ಬೇರೆ ಹಾಳೆ ತೆಗೆದುಕೊಂಡಳು.