ಮೊದಲು ಸ್ಕರ್ಟಿಂಗ್, ಆಮೇಲೆ ಕಾರ್ಪೆಟ್

ಕೇಳುಗರಿಗೆ ನಮಸ್ಕಾರ. ಮಾಟುಂಗಾ, ಚೆಂಬೂರು, ಡೊಂಬಿವಲಿಗಳಲ್ಲಿ ಕುಳಿತು ಈ ಮಾತನ್ನು ಕೇಳುತ್ತಿರುವ ನಿಮ್ಮಲ್ಲಿ ಕೆಲವರು, ಮಳೆಗಾಲ ಮುಗಿದ ಮೇಲೆ ದೀಪಾವಳಿಗೆ ಮುಂಚೆ, ಮನೆಯ ಅಥವಾ ಆಫೀಸಿನ ಕಾರ್ಪೆಟ್ಟನ್ನು ವೃತ್ತಿಪರರನ್ನು ಕರೆಸಿ ತೊಳೆಸುವ ಯೋಚನೆಯಲ್ಲಿರಬಹುದು. ನಿಮಗೆ ನಾನು ಹೇಳಬೇಕಾದದ್ದು ಒಂದೇ ಮಾತು. ಕಾರ್ಪೆಟ್ಟಿನ ಮೇಲೆ ಒಂದು ಹನಿ ನೀರು ಬೀಳುವುದಕ್ಕೆ ಮೊದಲೇ, ಗೋಡೆಯ ಬುಡದಲ್ಲಿ ಸುತ್ತಲೂ ಇರುವ ಸ್ಕರ್ಟಿಂಗಿನ ಧೂಳನ್ನು, ಅದು ಒಣಗಿರುವಾಗಲೇ ತೆಗೆಸಿರಿ.

ಸ್ಕರ್ಟಿಂಗ್ ಪಟ್ಟಿಯ ಎತ್ತರ 3-4 ಇಂಚು ಮಾತ್ರ. ಅದರ ಮೇಲಂಚಿನಲ್ಲಿ ಧೂಳು, ಕೂದಲು, ಬಟ್ಟೆಯ ನವಿರು ತಿಂಗಳುಗಟ್ಟಲೆ ಕುಳಿತಿರುತ್ತವೆ. ಮನೆಗೆಲಸದ ಬಾಯಿ ನೆಲ ಗುಡಿಸುತ್ತಾಳೆ, ನೀವು ಸೋಫಾ ಒರೆಸುತ್ತೀರಿ, ಆದರೆ ಇವೆರಡರ ನಡುವಿನ ಆ ಅಂಚು ಯಾರ ಪಾಲಿಗೂ ಬರುವುದಿಲ್ಲ. ಹೀಗಿರುವಾಗ ಬಿಸಿನೀರು ಸಿಂಪಡಿಸಿ ಹೀರುವ ಯಂತ್ರವನ್ನು ನೇರವಾಗಿ ಚಾಲೂ ಮಾಡಿದರೆ, ಯಂತ್ರದ ಗಾಳಿಗೆ ಎದ್ದ ಧೂಳು ಒದ್ದೆ ಕಾರ್ಪೆಟ್ಟಿನ ಮೇಲೆ ಬಿದ್ದು ಕೆಸರಾಗುತ್ತದೆ. ಆ ಕೆಸರು ಸೇರಿಕೊಳ್ಳುವುದು ಯಂತ್ರದ ಬಾಯಿ ಸರಿಯಾಗಿ ತಲುಪದ ಗೋಡೆಯ ಮೂಲೆಯಲ್ಲಿ. ಕಾರ್ಪೆಟ್ ತೊಳೆಯುವ ದರವನ್ನು ಚದರ ಅಡಿಯಲ್ಲಿ ಲೆಕ್ಕ ಹಾಕುತ್ತಾರೆ, ಸ್ಕರ್ಟಿಂಗನ್ನು ಅಳೆಯುವುದು ರನ್ನಿಂಗ್ ಫೂಟಿನಲ್ಲಿ, ಅಂದರೆ ಬರೀ ಉದ್ದದ ಅಡಿಯಲ್ಲಿ. ಆದ್ದರಿಂದ ನೀವು ಕೇಳದ ಹೊರತು ಅದು ಯಾವ ಕೊಟೇಶನ್ನಿನಲ್ಲೂ ಕಾಣಿಸುವುದಿಲ್ಲ. ದಯವಿಟ್ಟು ಕೇಳಿ, ಬರೆಸಿಕೊಳ್ಳಿ.

ಮುಂಬಯಿಯ ಫೋರ್ಟ್ ಬಡಾವಣೆಯ ಹಳೆಯ ಕಲ್ಲಿನ ಕಟ್ಟಡವೊಂದರಲ್ಲಿ ಒಂದು ಲೆಕ್ಕಪತ್ರಗಳ ಆಫೀಸಿದೆ. ಅಲ್ಲಿನ ಮ್ಯಾನೇಜರು ಧಾರವಾಡದ ಕಡೆಯ ಹಿರಿಯರು. ಅವರು ನನ್ನನ್ನು ಕರೆಸಿ, ತಿಳಿ ಬೂದು ಬಣ್ಣದ ಕಾರ್ಪೆಟ್ಟಿನ ಸುತ್ತ, ಗೋಡೆಗುಂಟ ಹರಿದ ಕಪ್ಪು ಗೆರೆಯೊಂದನ್ನು ಬೂಟಿನ ತುದಿಯಿಂದ ತೋರಿಸಿದರು. "ಮೂರು ಸರತಿ ತೊಳಸೀವ್ರೀ, ಮೂರು ಮಂದಿ ಬಂದು ಹೋದ್ರು, ಈ ಕರಿ ಗೀಟು ಮಾತ್ರ ಹೋಗವಲ್ದು. ಕಾರ್ಪೆಟ್ಟs ಖೊಟ್ಟಿ ಐತೇನ್ರೀ?" ಎಂದು ಕೇಳಿದರು. ನಾನು ಉತ್ತರ ಹೇಳದೆ ಕರವಸ್ತ್ರವನ್ನು ಸ್ಕರ್ಟಿಂಗಿನ ಮೇಲೆ ಒಂದು ಮೊಳದಷ್ಟು ಎಳೆದು ಅವರ ಕೈಗೆ ಕೊಟ್ಟೆ. ಅದು ಮಸಿ ಬಟ್ಟೆಯಂತಾಗಿತ್ತು. ಆಮೇಲೆ, ಗಣಪತಿಯ ಪಟದ ಮುಂದೆ ಉರಿಯುತ್ತಿದ್ದ ಊದುಬತ್ತಿಯನ್ನು ಅವರ ಅಪ್ಪಣೆ ಪಡೆದು ತೆಗೆದುಕೊಂಡು, ಮರದ ಸ್ಕರ್ಟಿಂಗಿನ ಕೆಳಗೆ ಹಿಡಿದೆ. ಏಸಿ ನಡೆಯುತ್ತಿತ್ತು. ನೆಟ್ಟಗೆ ಮೇಲೇರುತ್ತಿದ್ದ ಹೊಗೆ ಬಾಗಿ, ಸ್ಕರ್ಟಿಂಗಿಗೂ ನೆಲಕ್ಕೂ ನಡುವಿನ ಸಂದಿಯೊಳಗೆ ಎಳೆದುಕೊಂಡು ಹೋಯಿತು. ಗುಮಾಸ್ತರೆಲ್ಲ ಕೆಲಸ ಬಿಟ್ಟು ಸುತ್ತ ನೆರೆದಿದ್ದರು. ಒಬ್ಬರಂತೂ ಮಂಡಿಯೂರಿ ಕುಳಿತು, ಇನ್ನೊಮ್ಮೆ ತೋರಿಸಿ ಎಂದರು. ತೋರಿಸಿದೆ.

ನಡೆಯುತ್ತಿದ್ದದ್ದು ಇಷ್ಟೆ. ಕೋಣೆಯ ಗಾಳಿ ಹಗಲೆಲ್ಲ ಆ ಸಂದಿಯ ಮೂಲಕ ನುಸುಳುತ್ತಿತ್ತು, ಮತ್ತು ರಸ್ತೆಯ ಹೊಗೆ ಹಾಗೂ ಧೂಳಿನ ಅತಿ ಸಣ್ಣ ಕಣಗಳನ್ನು ಕಾರ್ಪೆಟ್ಟಿನ ಅಂಚು ಸೋಸಿ ಹಿಡಿದಿಟ್ಟುಕೊಳ್ಳುತ್ತಿತ್ತು. ನಮ್ಮ ಕಸುಬಿನಲ್ಲಿ ಇದನ್ನು ಫಿಲ್ಟ್ರೇಶನ್ ಲೈನ್ ಎನ್ನುತ್ತೇವೆ. ಮೊದಲು ಮೃದು ಬ್ರಷ್ಷಿನ ನಳಿಕೆಯಿಂದ ಸ್ಕರ್ಟಿಂಗಿನ ಧೂಳನ್ನು ಹೀರಿಸಿದೆವು. ಆಮೇಲೆ ಚಪ್ಪಟೆ ಮೂತಿಯ ನಳಿಕೆಯಿಂದ ಸಂದಿಯನ್ನು ಹೀರಿಸಿ, ಗೆರೆಯ ಮೇಲೆ ದ್ರಾವಣ ಸಿಂಪಡಿಸಿ, ಸ್ವಲ್ಪ ಹೊತ್ತು ನೆನೆಯಲು ಬಿಟ್ಟು, ಕೈಯಿಂದಲೇ ಹಗುರವಾಗಿ ಉಜ್ಜಿದೆವು. ನೀರಿನ ಯಂತ್ರ ಕೋಣೆಯೊಳಗೆ ಬಂದದ್ದು ಇದೆಲ್ಲ ಆದ ಮೇಲೆ. ಗೆರೆ ಪೂರ್ತಿ ಹೋಗಲಿಲ್ಲ, ಅಷ್ಟು ಹಳೆಯದು ಪೂರ್ತಿ ಹೋಗುವುದು ಅಪರೂಪ. ಆದರೆ ನಿಂತು ನೋಡಿದರೆ ಕಾಣದಷ್ಟು ತಿಳಿಯಾಯಿತು. ಎಲ್ಲ ಒಣಗಿದ ಮೇಲೆ ಸಂದಿಗೆ ಸೀಲಂಟ್ ತುಂಬಿಸಿದರು. "ಅಂದ್ರ ಗ್ವಾಡೀದು ತಪ್ಪು, ಬೈಸ್ಕೊಂಡಿದ್ದು ಕಾರ್ಪೆಟ್ಟು" ಎಂದರು ಮ್ಯಾನೇಜರು. ಹಿಂದಿನ ಮೂವರ ಬಳಿಯೂ ಒಳ್ಳೆಯ ಯಂತ್ರವಿತ್ತು, ಒಳ್ಳೆಯ ಶಾಂಪೂ ಇತ್ತು. ಸ್ಕರ್ಟಿಂಗಿನ ಮುಂದೆ ಬಗ್ಗುವ ವ್ಯವಧಾನವಿರಲಿಲ್ಲ. ಯಾವ ಶಾಂಪೂ ಒಳ್ಳೆಯದು ಎಂದು ಇಂದಿಗೂ ನನ್ನನ್ನು ಕೇಳುವವರೇ ಹೆಚ್ಚು. ಆ ಪ್ರಶ್ನೆಗೆ ನನ್ನ ಉತ್ತರವೂ ಇದೇ: ಮೊದಲು ಸ್ಕರ್ಟಿಂಗಿನ ಧೂಳು ತೆಗೆಸಿ.

ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ನಿಮ್ಮ ಸ್ಕರ್ಟಿಂಗ್ ಎಂಡಿಎಫ್‌ನದಾಗಿದ್ದರೆ, ಅಂದರೆ ಮರದ ನಾರನ್ನು ಒತ್ತಿ ಮಾಡಿದ ಹಲಗೆಯದಾಗಿದ್ದರೆ, ಒದ್ದೆ ಬಟ್ಟೆಯನ್ನು ಚೆನ್ನಾಗಿ ಹಿಂಡಿ ಒರೆಸಬೇಕು, ನೀರು ಕುಡಿದರೆ ಅದು ಉಬ್ಬುತ್ತದೆ. ಅಮೃತಶಿಲೆಯದಾಗಿದ್ದರೆ ವಿನೆಗರ್, ನಿಂಬೆಹುಳಿ, ಬಚ್ಚಲು ತೊಳೆಯುವ ಆಸಿಡ್ ಯಾವುದೂ ಬೇಡ, ಹೊಳಪು ಹೋಗುತ್ತದೆ. ಉಣ್ಣೆಯ ಕಾರ್ಪೆಟ್ ಇರುವವರು ಅಂಚನ್ನು ಮಡಚಿ ನೋಡಲೇಬೇಕು, ಏಕೆಂದರೆ ಉಣ್ಣೆಯನ್ನು ತಿನ್ನುವ ಹುಳುಗಳು ಅಡಗುವುದು ಆ ಕತ್ತಲಲ್ಲೇ. ಕಾರ್ಪೆಟ್ ತೊಳೆದಾದ ಮೇಲೆ ಸ್ಕರ್ಟಿಂಗಿಗೆ ಸಿಡಿದ ಹನಿಗಳನ್ನು ಒಣ ಬಟ್ಟೆಯಿಂದ ಒರೆಸಿಸಿ, ಫ್ಯಾನು ಹಾಕಿ, ಪೂರ್ತಿ ಒಣಗುವವರೆಗೆ ಕಪಾಟು-ಮೇಜುಗಳನ್ನು ಗೋಡೆಗೆ ಸರಿಸಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಬಯಿಯ ತೇವದಲ್ಲಿ ಒಂದೆರಡು ದಿನ ಒದ್ದೆಯಾಗಿ ಉಳಿದ ಅಂಚಿಗೆ ಬೂಷ್ಟು ಹಿಡಿಯುತ್ತದೆ.

ಕೆಲಸದವರು ಬಾಗಿಲಿಗೆ ಬಂದಾಗ, ಅವರ ಚೀಲದಲ್ಲಿ ಮೃದು ಬ್ರಷ್ಷಿನ ನಳಿಕೆ ಇದೆಯೇ ಎಂದು ನೋಡಿ. ಇಲ್ಲವೆಂದರೆ, ಅದನ್ನು ತರಿಸುವವರೆಗೆ ಯಂತ್ರಕ್ಕೆ ನೀರು ತುಂಬಲು ಬಿಡಬೇಡಿ. ನಮಸ್ಕಾರ.