ಒಂದೇ ಎಂಜಿನ್, ಮೂರು ದೇಶದ ಗ್ರಾಹಕರು

ಕೇಳುಗರಿಗೆ ನಮಸ್ಕಾರ.

ಜರ್ಮನಿಯ ಫೋಕ್ಸ್‌ವ್ಯಾಗನ್ ಕಾರು ಕಂಪನಿಯ ಡೀಸೆಲ್ ಮೋಸದ ಸುದ್ದಿ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. 2015ರಲ್ಲಿ ಅದು ಜಗತ್ತಿನ ಪತ್ರಿಕೆಗಳ ಮುಖಪುಟಕ್ಕೆ ಬಂದಿತ್ತು. ಕಂಪನಿಯ ಮುಖ್ಯಸ್ಥ ಮಾರ್ಟಿನ್ ವಿಂಟರ್‌ಕಾರ್ನ್ ರಾಜೀನಾಮೆ ಕೊಟ್ಟರು. ಷೇರು ಬಿತ್ತು. ಮುಂದೆ ಅಮೆರಿಕದಲ್ಲಿ ಕಂಪನಿಯ ಇಬ್ಬರು ಜೈಲಿಗೂ ಹೋದರು. ಇದನ್ನೆಲ್ಲ ಬೇಕಾದಷ್ಟು ಜನ ಬರೆದಿದ್ದಾರೆ. ಆದರೆ ಆ ಕಾರನ್ನು ದುಡ್ಡು ಕೊಟ್ಟು ಕೊಂಡವರು ಇದ್ದರಲ್ಲ, ಅವರ ಗತಿ ಏನಾಯಿತು? ಇವತ್ತು ನಾನು ಮಾತಾಡುವುದು ಅವರ ಬಗ್ಗೆ. ಎಂಜಿನ್ ಒಂದೇ, ಮೋಸವೂ ಒಂದೇ. ಆದರೆ ಅಮೆರಿಕದ ಗ್ರಾಹಕರಿಗೆ ಸಿಕ್ಕಿದ್ದು ಒಂದು, ಜರ್ಮನಿಯವರಿಗೆ ಸಿಕ್ಕಿದ್ದು ಇನ್ನೊಂದು, ನಮ್ಮವರಿಗೆ ಸಿಕ್ಕಿದ್ದು ಬೇರೆಯೇ. ಯಾಕೆ ಹೀಗಾಯಿತು ಅನ್ನುವುದು ಕಾರು ಇರುವವರೂ ಇಲ್ಲದವರೂ ತಿಳಿದುಕೊಳ್ಳಬೇಕಾದ ಮಾತು.

ಮೊದಲು ಮೋಸ ನಡೆದ ಬಗೆ ಹೇಳಿಬಿಡುತ್ತೇನೆ. ಡೀಸೆಲ್ ಎಂಜಿನ್ ಒಳಗೆ ವಿಪರೀತ ಬಿಸಿ, ವಿಪರೀತ ಒತ್ತಡ. ಆ ಬಿಸಿಗೆ ಗಾಳಿಯಲ್ಲಿರುವ ನೈಟ್ರೋಜನ್ ಆಮ್ಲಜನಕದ ಜೊತೆ ಸೇರಿ ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ಇದು ಲಾರಿ ಹಿಂದೆ ಕಾಣುವ ಕಪ್ಪು ಹೊಗೆಯಲ್ಲ. ಹೆಚ್ಚಾಗಿ ಕಣ್ಣಿಗೆ ಬೀಳುವುದೇ ಇಲ್ಲ. ಆದರೆ ಉಬ್ಬಸ ಇರುವ ಮಗುವಿಗೆ, ಎದೆ ಕಟ್ಟಿಕೊಳ್ಳುವ ಅಜ್ಜನಿಗೆ ಇದು ವಿಷ. ಅಮೆರಿಕದಲ್ಲಿ ಈ ಅನಿಲಕ್ಕೆ ಬಹಳ ಬಿಗಿಯಾದ ಮಿತಿ ಇದೆ. ಆ ಮಿತಿಯೊಳಗೆ ಬರಬೇಕಾದರೆ ಮೈಲೇಜ್ ಸ್ವಲ್ಪ ಬಿಡಬೇಕು, ಇಲ್ಲವೇ ದುಬಾರಿ ಉಪಕರಣ ಹಾಕಿ ಅದು ಸದಾ ಕೆಲಸ ಮಾಡುವಂತೆ ನೋಡಿಕೊಳ್ಳಬೇಕು.

ಕಂಪನಿ ಹಿಡಿದದ್ದು ಅಡ್ಡದಾರಿ. ಹೊಗೆ ಪರೀಕ್ಷೆ ನಡೆಯುವುದು ಪ್ರಯೋಗಾಲಯದಲ್ಲಿ, ರೋಲರ್ ಮೇಲೆ. ಚಕ್ರ ತಿರುಗುತ್ತದೆ, ಕಾರು ಮುಂದೆ ಹೋಗುವುದಿಲ್ಲ, ಸ್ಟೀರಿಂಗ್ ಅಲ್ಲಾಡುವುದಿಲ್ಲ. ಕಾರಿನ ಸಾಫ್ಟ್‌ವೇರ್ ಇದನ್ನೆಲ್ಲ ಗಮನಿಸಿ, ಓಹೋ ಈಗ ಪರೀಕ್ಷೆ ನಡೆಯುತ್ತಿದೆ ಅಂತ ಗುರುತು ಹಿಡಿಯುತ್ತಿತ್ತು. ಆಗ ಮಾತ್ರ ಹೊಗೆ ತಡೆಯುವ ವ್ಯವಸ್ಥೆ ಪೂರ್ತಿ ಕೆಲಸ ಮಾಡುತ್ತಿತ್ತು. ರಸ್ತೆಗಿಳಿದರೆ ಅದು ಹಿಂದೆ ಸರಿಯುತ್ತಿತ್ತು. ಇನ್‌ಸ್ಪೆಕ್ಟರ್ ಬರುವ ದಿನ ಮಾತ್ರ ಶಾಲೆಯ ಕಕ್ಕಸು ತೊಳೆಸಿದಂತೆ. ಅಮೆರಿಕದ ಪರಿಸರ ಸಂಸ್ಥೆಯ ಪ್ರಕಾರ ರಸ್ತೆಯಲ್ಲಿ ಈ ಕಾರುಗಳು ಮಿತಿಗಿಂತ 40 ಪಟ್ಟುವರೆಗೆ ನೈಟ್ರೋಜನ್ ಆಕ್ಸೈಡ್ ಉಗುಳುತ್ತಿದ್ದವು.

ಇದು ಬಯಲಾಗಿದ್ದು ಹೇಗೆ ಗೊತ್ತಾ? ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಒಂದು ಸಣ್ಣ ತಂಡ, ಅಳೆಯುವ ಯಂತ್ರವನ್ನು ಕಾರಿನೊಳಗೇ ಇಟ್ಟುಕೊಂಡು ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಓಡಿಸಿತು. ಒಂದು ಕಾರನ್ನಂತೂ ಲಾಸ್ ಏಂಜಲೀಸ್‌ನಿಂದ ಸಿಯಾಟಲ್‌ವರೆಗೂ ತೆಗೆದುಕೊಂಡು ಹೋದರು. ಜೆಟ್ಟಾ ಕಾರು ಮಿತಿಯ 15ರಿಂದ 35 ಪಟ್ಟು ಉಗುಳುತ್ತಿತ್ತು, ಪಸ್ಸಾಟ್ 5ರಿಂದ 20 ಪಟ್ಟು. ಆ ತಂಡದ ಸಂಶೋಧಕರಲ್ಲಿ ನಮ್ಮ ಬೆಂಗಳೂರಿನ ಹೇಮಂತ್ ಕಪ್ಪಣ್ಣ ಒಬ್ಬರು. ಮೋಸ ಹಿಡಿಯಬೇಕು ಅಂತ ಅವರು ಹೊರಟಿರಲಿಲ್ಲ. ಅಮೆರಿಕದ ಡೀಸೆಲ್ ಕಾರು ರಸ್ತೆಯಲ್ಲೂ ಶುದ್ಧವಾಗಿರುತ್ತದೆ ಅಂತ ತೋರಿಸಿ, ಯುರೋಪಿಗೆ ಬುದ್ಧಿ ಹೇಳುವುದು ಆ ಪರೀಕ್ಷೆಯ ಹಿಂದಿದ್ದ ಯೋಚನೆ. ಸುಮ್ನೆ ಪ್ರಾಮಾಣಿಕವಾಗಿ ಅಳೆದರು, ಬಂದ ಅಂಕಿಯನ್ನು ಬರೆದರು. ಅಷ್ಟಕ್ಕೇ ಇಷ್ಟೆಲ್ಲ ಆಯಿತು.

2015ರ ಸೆಪ್ಟೆಂಬರ್ 18ರಂದು ಅಮೆರಿಕ ಸರ್ಕಾರ ಕಂಪನಿಗೆ ನೋಟಿಸ್ ಕೊಟ್ಟಿತು. ಅಲ್ಲಿ ಸುಮಾರು 4,82,000 ಕಾರು. ಕೆಲವೇ ದಿನಗಳಲ್ಲಿ ಕಂಪನಿಯೇ ಒಪ್ಪಿಕೊಂಡಿತು, ಜಗತ್ತಿನಾದ್ಯಂತ ಇಂಥವು 1 ಕೋಟಿ 10 ಲಕ್ಷ.

ಈಗ ಆ ಅಮೆರಿಕನ್ ಗ್ರಾಹಕರ ಮನಸ್ಸು ಸ್ವಲ್ಪ ಯೋಚಿಸಿ. ಅವರಲ್ಲಿ ಎಷ್ಟೋ ಜನ ಪರಿಸರದ ಕಾಳಜಿ ಇದ್ದವರು. 'ಕ್ಲೀನ್ ಡೀಸೆಲ್' ಅನ್ನುವ ಜಾಹೀರಾತು ನಂಬಿ, ಪೆಟ್ರೋಲ್ ಕಾರಿಗಿಂತ ಜಾಸ್ತಿ ಬೆಲೆ ಕೊಟ್ಟು ಕೊಂಡವರು. 2009ರ ಜೆಟ್ಟಾ ಡೀಸೆಲ್‌ಗೆ ಸರ್ಕಾರ 1,300 ಡಾಲರ್ ತೆರಿಗೆ ರಿಯಾಯಿತಿಯನ್ನೂ ಕೊಟ್ಟಿತ್ತು. ಅದಕ್ಕೆ ಆ ವರ್ಷದ ಹಸಿರು ಕಾರು ಅನ್ನುವ ಪ್ರಶಸ್ತಿ ಬೇರೆ ಬಂದಿತ್ತು. ಒಳ್ಳೆಯದು ಮಾಡುತ್ತಿದ್ದೇವೆ ಅಂದುಕೊಂಡವರಿಗೆ, ಪಕ್ಕದ ರಸ್ತೆಯ ಮಕ್ಕಳ ಉಸಿರಿಗೆ ವಿಷ ಬಿಟ್ಟಿದ್ದು ನಾವೇ ಅಂತ ತಿಳಿದರೆ ಹೇಗಾಗಬೇಕು? ದುಡ್ಡಿನ ನಷ್ಟಕ್ಕೆ ಲೆಕ್ಕ ಇದೆ. ಈ ನೋವಿಗೆ ಯಾವ ಕೋರ್ಟೂ ಲೆಕ್ಕ ಹಾಕಲಿಲ್ಲ.

ಅದರ ಮೇಲೆ ಒಂದು ವರ್ಷ ಅತಂತ್ರ. ಕಾರು ಓಡಿಸಬಹುದು, ಕಾನೂನಿನ ಅಡ್ಡಿ ಇಲ್ಲ ಅಂತ ಸರ್ಕಾರ ಹೇಳಿತು. ಆದರೆ ಮಾರಲು ಹೋದರೆ ಬೆಲೆ ಇಲ್ಲ. ಸಾಲದ ಕಂತು ಮಾತ್ರ ತಿಂಗಳು ತಿಂಗಳೂ ಕಟ್ಟಬೇಕು. ಕಂಪನಿ ಸಮಾಧಾನಕ್ಕೆ ಅಂತ 500 ಡಾಲರ್‌ನ ಒಂದು ಕಾರ್ಡು, ಅದರ ಶೋರೂಮಿನಲ್ಲೇ ಖರ್ಚು ಮಾಡಬೇಕಾದ 500 ಡಾಲರ್‌ನ ಇನ್ನೊಂದು ಕಾರ್ಡು ಕಳಿಸಿತು.

ಆಮೇಲೆ ಬಂತು ನೋಡಿ, ಕೋರ್ಟಿನ ಒಪ್ಪಂದ. ಗ್ರಾಹಕರ ನೂರಾರು ದಾವೆಗಳನ್ನು ಸ್ಯಾನ್ ಫ್ರಾನ್ಸಿಸ್ಕೋದ ನ್ಯಾಯಾಧೀಶ ಚಾರ್ಲ್ಸ್ ಬ್ರೈಯರ್ ಅವರ ಮುಂದೆ ಒಟ್ಟು ಸೇರಿಸಿದ್ದರು. 2016ರ ಅಕ್ಟೋಬರ್ 25ರಂದು ಅವರು ಒಪ್ಪಿಗೆ ಕೊಟ್ಟರು. ಕಂಪನಿ ಕಾರನ್ನು ವಾಪಸ್ ಕೊಳ್ಳಬೇಕು. ಯಾವ ಬೆಲೆಗೆ? ಹಗರಣ ಹೊರಬರುವ ಮುಂಚೆ ಇದ್ದ ಬೆಲೆಗೆ. ಬಿದ್ದುಹೋದ ಬೆಲೆಗೆ ಅಲ್ಲ. ಅದರ ಮೇಲೆ 5,100 ಡಾಲರ್‌ನಿಂದ ಸುಮಾರು 10,000 ಡಾಲರ್‌ವರೆಗೆ ಪರಿಹಾರ. ಆಗಿನ ದರದಲ್ಲಿ ಕಡಿಮೆ ಅಂದರೂ 3 ಲಕ್ಷ 40 ಸಾವಿರ ರೂಪಾಯಿ. ಕಾರು ಬೇಕು ಅನ್ನುವವರು ಅದನ್ನು ಸರಿ ಮಾಡಿಸಿಕೊಂಡು ಇಟ್ಟುಕೊಳ್ಳಬಹುದು, ಅವರಿಗೂ ಪರಿಹಾರ ಉಂಟು. ಕೊನೆಯ ಲೆಕ್ಕ 2020ರಲ್ಲಿ ಬಂತು. ಗ್ರಾಹಕರ ಕೈಗೆ ಸೇರಿದ್ದು 950 ಕೋಟಿ ಡಾಲರ್‌ಗೂ ಜಾಸ್ತಿ. ಅರ್ಜಿ ಮುಗಿಸಿದವರಲ್ಲಿ ನೂರಕ್ಕೆ 86ಕ್ಕಿಂತ ಹೆಚ್ಚು ಜನ ಕಾರನ್ನು ವಾಪಸ್ ಕೊಟ್ಟೇಬಿಟ್ಟರು. ಇಷ್ಟಪಟ್ಟು ಓಡಿಸುತ್ತಿದ್ದ ಕಾರು ಅದು. ಆದರೂ ನಂಬಿಕೆ ಹೋದ ಮೇಲೆ ಬೇಡ ಅಂದರು.

ಒಪ್ಪಂದದಲ್ಲಿ ಒಂದು ಷರತ್ತು ಇತ್ತು. ವಾಪಸ್ ಕೊಡುವ ಕಾರು ತನ್ನದೇ ಎಂಜಿನ್ ಬಲದಲ್ಲಿ ಓಡಿಕೊಂಡು ಬರಬೇಕು, ಅಷ್ಟೆ. ಸಿಟ್ಟಿನಲ್ಲಿದ್ದ ಕೆಲವರು ಬಾಗಿಲು, ಸೀಟು, ಬಂಪರ್ ಎಲ್ಲ ಬಿಚ್ಚಿಕೊಂಡು ಬರೀ ಅಸ್ಥಿಪಂಜರವನ್ನು ಒಪ್ಪಿಸಲು ಹೊರಟರು. ನ್ಯಾಯಾಧೀಶರು ಇದನ್ನು ಒಪ್ಪಲಿಲ್ಲ. ಕಾರನ್ನು ರಸ್ತೆಯಿಂದ ತೆಗೆಯುವುದು ಒಪ್ಪಂದದ ಉದ್ದೇಶ, ಬಿಚ್ಚಿ ಮಾರುವುದಲ್ಲ ಅಂದರು. ಅವರು ಹೇಳಿದ್ದು ಸರಿ. ಆದರೆ ಆ ಸಿಟ್ಟು ಎಲ್ಲಿಂದ ಬಂತು ಅನ್ನುವುದೂ ನನಗೆ ಅರ್ಥವಾಗುತ್ತದೆ.

ವಾಪಸ್ ಬಂದ ಕಾರುಗಳನ್ನು ನಿಲ್ಲಿಸಲು ಜಾಗ ಸಾಲಲಿಲ್ಲ. 2017ರ ಕೊನೆಯ ಹೊತ್ತಿಗೆ ಸುಮಾರು 3 ಲಕ್ಷ ಕಾರುಗಳು 37 ಜಾಗಗಳಲ್ಲಿ ನಿಂತಿದ್ದವು. ಮಿಷಿಗನ್‌ನಲ್ಲಿ ಹಾಳುಬಿದ್ದ ಸಿಲ್ವರ್‌ಡೋಮ್ ಫುಟ್‌ಬಾಲ್ ಕ್ರೀಡಾಂಗಣ, ಕ್ಯಾಲಿಫೋರ್ನಿಯಾದ ಮರುಭೂಮಿಯ ವಿಮಾನ ನಿಲ್ದಾಣ, ಮುಚ್ಚಿದ ಒಂದು ಕಾಗದದ ಕಾರ್ಖಾನೆ. ಅವುಗಳಲ್ಲಿ ಹಲವನ್ನು ಸರಿ ಮಾಡಿ, ಅನುಮತಿ ಪಡೆದು, ಮತ್ತೆ ಮಾರಿದರು.

ಇನ್ನು ಯುರೋಪ್. ಮೋಸದ ಕಾರುಗಳಲ್ಲಿ ಸುಮಾರು 85 ಲಕ್ಷ ಅಲ್ಲೇ ಇದ್ದವು. ಜರ್ಮನಿಯೊಂದರಲ್ಲೇ 24 ಲಕ್ಷ. ಕಂಪನಿಯ ಸ್ವಂತ ನೆಲ. ಅಲ್ಲಿನವರಿಗೆ ಏನು ಸಿಕ್ಕಿತು? ಮೊದಲಿಗೆ ಒಂದು ಸಾಫ್ಟ್‌ವೇರ್ ಅಪ್‌ಡೇಟ್. 2 ಲೀಟರ್ ಎಂಜಿನ್‌ಗೆ ಅರ್ಧ ಗಂಟೆಯ ಕೆಲಸ. 1.6 ಲೀಟರ್‌ಗೆ ಅದರ ಜೊತೆ ಗಾಳಿ ಒಳಹೋಗುವ ಕೊಳವೆಗೆ ಬಲೆಯಂಥ ಒಂದು ಪ್ಲಾಸ್ಟಿಕ್ ತುಂಡು. ಮುಗಿಯಿತು, ಪರಿಹಾರ ಇಲ್ಲ. ಯುರೋಪಿನ ಕಾನೂನಿನ ಪ್ರಕಾರ ನಾವು ತಪ್ಪೇ ಮಾಡಿಲ್ಲ ಅಂತ ಕಂಪನಿ ವಾದ ಮಾಡಿತು. ಅಪ್‌ಡೇಟ್ ಮಾಡಿಸಿದ ಮೇಲೆ ಎಳೆತ ಕಡಿಮೆಯಾಯಿತು, ಹೊಗೆಯ ಒಂದು ಭಾಗವನ್ನು ಮತ್ತೆ ಎಂಜಿನ್ ಒಳಗೆ ಕಳಿಸುವ ಇಜಿಆರ್ ವಾಲ್ವ್ ಕೆಟ್ಟಿತು ಅಂತ ಎಷ್ಟೋ ಜನ ದೂರಿದರು. ಆದರೆ ಮಾಡಿಸದೇ ಇರುವ ಹಾಗೂ ಇಲ್ಲ. ಜರ್ಮನಿಯಲ್ಲಿ ಮಾಡಿಸದವರ ಕಾರಿನ ನೋಂದಣಿಯನ್ನೇ ತಡೆದರು. ಅದೇ ಹೊತ್ತಿಗೆ ಹ್ಯಾಂಬರ್ಗ್, ಸ್ಟುಟ್‌ಗಾರ್ಟ್ ನಗರಗಳು ಹಳೆಯ ಡೀಸೆಲ್ ಕಾರುಗಳಿಗೆ ನಿರ್ಬಂಧ ಹಾಕಿದವು. ಡೀಸೆಲ್ ಕಾರಿನ ರೀಸೇಲ್ ಬೆಲೆ ಕುಸಿಯಿತು. ತಪ್ಪು ಮಾಡಿದವರು ಯಾರು, ಅನುಭವಿಸಿದವರು ಯಾರು?

ಜರ್ಮನಿಯಲ್ಲಿ ಅಲ್ಲಿಯವರೆಗೆ ಗ್ರಾಹಕರೆಲ್ಲ ಒಟ್ಟಾಗಿ ಹೀಗೆ ದಾವೆ ಹೂಡುವ ದಾರಿಯೇ ಇರಲಿಲ್ಲ. ಒಬ್ಬೊಬ್ಬರೂ ಸ್ವಂತ ವಕೀಲರನ್ನಿಟ್ಟು ಇಷ್ಟು ದೊಡ್ಡ ಕಂಪನಿಯ ಎದುರು ನಿಲ್ಲಬೇಕಿತ್ತು. 2018ರ ನವೆಂಬರ್ 1ಕ್ಕೆ ಹೊಸ ಕಾನೂನು ಬಂತು. ಅದರ ಬೆನ್ನಿಗೇ ಅಲ್ಲಿನ ಗ್ರಾಹಕ ಸಂಘಟನೆಗಳ ಒಕ್ಕೂಟ ದಾವೆ ಹೂಡಿತು. 4 ಲಕ್ಷಕ್ಕೂ ಹೆಚ್ಚು ಜನ ಹೆಸರು ಬರೆಸಿದರು. 2020ರಲ್ಲಿ ರಾಜಿ ಆಯಿತು. ಒಬ್ಬೊಬ್ಬರಿಗೆ 1,350 ಯೂರೋದಿಂದ 6,257 ಯೂರೋವರೆಗೆ. ಅಮೆರಿಕದವರಿಗೆ ಸಿಕ್ಕಿದ್ದರ ಮುಂದೆ ಇದು ಏನೂ ಅಲ್ಲ.

ಆದರೆ ರಾಜಿಗೆ ಬಾರದೆ ಒಬ್ಬರೇ ಹೋರಾಡಿದವರೂ ಇದ್ದರು. 2014ರಲ್ಲಿ ಸೆಕೆಂಡ್ ಹ್ಯಾಂಡ್ ಶರಾನ್ ಕಾರನ್ನು 31,490 ಯೂರೋ ಕೊಟ್ಟು ಕೊಂಡ ಒಬ್ಬ ಗ್ರಾಹಕ ಜರ್ಮನಿಯ ಅತ್ಯುನ್ನತ ನಾಗರಿಕ ನ್ಯಾಯಾಲಯದವರೆಗೂ ಹೋದರು. 2020ರ ಮೇ 25ರಂದು ತೀರ್ಪು ಬಂತು. ಕಂಪನಿ ಬೇಕೆಂದೇ ಗ್ರಾಹಕರಿಗೆ ಹಾನಿ ಮಾಡಿದೆ, ಕಾರು ವಾಪಸ್ ತೆಗೆದುಕೊಂಡು ದುಡ್ಡು ಕೊಡಬೇಕು ಅಂತ. ಓಡಿಸಿದ ಕಿಲೋಮೀಟರ್ ಲೆಕ್ಕ ಕಳೆದು ಅವರಿಗೆ ಸುಮಾರು 25,600 ಯೂರೋ ಬಂತು. ಅವರ ನಂತರ ಸಾವಿರಾರು ಜನರಿಗೆ ದಾರಿ ತೆರೆಯಿತು. ಅವರು ದೊಡ್ಡ ಮನುಷ್ಯರಲ್ಲ, ಮಂತ್ರಿಯಲ್ಲ. ಕಾರು ಕೊಂಡ ಒಬ್ಬ ಸಾಮಾನ್ಯ ಗ್ರಾಹಕ. ನನಗೆ ಅವರ ಮೇಲೆ ತುಂಬಾ ಗೌರವ.

ಇನ್ನು ನಮ್ಮ ದೇಶ. ಇಲ್ಲೂ ಇದೇ ಎಂಜಿನ್ ಇತ್ತು. ಪೋಲೋ, ವೆಂಟೋ, ಇದೇ ಕಂಪನಿಯ ಬಳಗದ ಸ್ಕೋಡಾ, ಔಡಿ ಕಾರುಗಳು, ಎಲ್ಲ ಸೇರಿ 3,23,700. ಬೆಂಗಳೂರು, ಮಂಗಳೂರು, ಹುಬ್ಬಳ್ಳಿ ರಸ್ತೆಗಳಲ್ಲಿ ಇವನ್ನು ನೀವೂ ನೋಡಿದ್ದೀರಿ. ವಾಹನಗಳನ್ನು ಪರೀಕ್ಷಿಸುವ ಪುಣೆಯ ಎಆರ್‌ಎಐ ಸಂಸ್ಥೆ ಇವುಗಳನ್ನು ರಸ್ತೆಯಲ್ಲಿ ಓಡಿಸಿ ಅಳೆಯಿತು. ನಮ್ಮ ದೇಶದ ಆಗಿನ ಹೊಗೆ ನಿಯಮವಾದ ಭಾರತ್ ಸ್ಟೇಜ್ 4ರ ಮಿತಿಗಿಂತ 1.1 ಪಟ್ಟಿನಿಂದ 2.6 ಪಟ್ಟುವರೆಗೆ ಜಾಸ್ತಿ ಬಂತು. 2015ರ ಡಿಸೆಂಬರ್‌ನಲ್ಲಿ ಕಂಪನಿ ಕಾರುಗಳನ್ನು ವಾಪಸ್ ಕರೆದು ಸಾಫ್ಟ್‌ವೇರ್ ಬದಲಿಸುವುದಾಗಿ ಹೇಳಿತು. ಅದೂ ಸ್ವಇಚ್ಛೆಯಿಂದ ಅಂತ. ಆಗ ನಮ್ಮ ನಿಯಮದಲ್ಲಿ ಪರೀಕ್ಷೆ ಪ್ರಯೋಗಾಲಯದ್ದು ಮಾತ್ರ, ರಸ್ತೆಗೆ ಮಿತಿಯೇ ಇರಲಿಲ್ಲ. ಹಾಗಾಗಿ ನಾವು ನಿಯಮ ಮುರಿದಿಲ್ಲ ಅನ್ನುವುದು ಅವರ ವಾದ.

ಶಾಲಾ ಶಿಕ್ಷಕಿಯೊಬ್ಬರು ಮತ್ತು ಇನ್ನು ಕೆಲವರು ಹಸಿರು ನ್ಯಾಯಮಂಡಳಿಗೆ ಹೋದರು. ದೆಹಲಿಯ ಗಾಳಿಗೆ ಆದ ಹಾನಿಯನ್ನು ತಜ್ಞರ ಸಮಿತಿ 171 ಕೋಟಿ 34 ಲಕ್ಷ ರೂಪಾಯಿ ಅಂತ ಅಂದಾಜು ಮಾಡಿತು. 2019ರ ಮಾರ್ಚ್‌ನಲ್ಲಿ ಮಂಡಳಿ 500 ಕೋಟಿ ದಂಡ ಹಾಕಿತು. ಅದೇ ವರ್ಷ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಕಂಪನಿಯ ಮೇಲೆ ಬಲವಂತದ ಕ್ರಮ ಬೇಡ ಅಂತ ತಡೆ ಕೊಟ್ಟಿತು. ಒಂದು ಮಾತು ಗಮನಿಸಿ. ಆ 500 ಕೋಟಿಯೂ ಪರಿಸರದ ಹಾನಿಗೆ ಹಾಕಿದ ದಂಡ. ಕಾರು ಕೊಂಡವರ ಕೈಗೆ ಬರುವ ದುಡ್ಡಲ್ಲ. ಅಮೆರಿಕದ ಜೆಟ್ಟಾ ಮಾಲೀಕರಿಗೆ ಚೆಕ್ ಬಂತು, ನಮ್ಮ ವೆಂಟೋ ಮಾಲೀಕರಿಗೆ ಸರ್ವಿಸ್ ಸೆಂಟರ್‌ಗೆ ಬನ್ನಿ ಅನ್ನುವ ಕರೆ ಬಂತು. ಇದು ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ. ಇಲ್ಲಿನವರೂ ಸಾಲ ಮಾಡಿಯೇ ಕೊಂಡಿದ್ದು, ಅಲ್ವಾ?

ಈಗ ಪರಿಸ್ಥಿತಿ ಸ್ವಲ್ಪ ಬದಲಾಗಿದೆ. 2023ರ ಏಪ್ರಿಲ್‌ನಿಂದ ನಮ್ಮಲ್ಲೂ ಹೊಸ ಕಾರುಗಳು ರಸ್ತೆಯಲ್ಲಿ ಓಡುವಾಗಲೂ ಮಿತಿಯೊಳಗೇ ಇರಬೇಕು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 110ಎ ಅನ್ನುವ ಸೆಕ್ಷನ್ ಸೇರಿತು. ಪರಿಸರಕ್ಕೆ ಹಾನಿ ಮಾಡುವ ದೋಷ ಇದ್ದರೆ ಕೇಂದ್ರ ಸರ್ಕಾರವೇ ವಾಹನಗಳನ್ನು ವಾಪಸ್ ಕರೆಸಬಹುದು. ಆಗ ಕಂಪನಿ ಪೂರ್ತಿ ಬೆಲೆ ವಾಪಸ್ ಕೊಡಬೇಕು, ಇಲ್ಲವೇ ಬೇರೆ ವಾಹನ ಕೊಡಬೇಕು ಅಥವಾ ರಿಪೇರಿ ಮಾಡಿಕೊಡಬೇಕು. 'ಅಥವಾ ರಿಪೇರಿ' ಅನ್ನುವುದು ಅಲ್ಲಿ ಇರುವವರೆಗೂ ಕಂಪನಿಗಳು ಅದನ್ನೇ ಹಿಡಿದುಕೊಳ್ಳುತ್ತವೆ ಅನ್ನುವುದು ನನ್ನ ಆತಂಕ. ಇವುಗಳಲ್ಲಿ ಯಾವುದು ಬೇಕು ಅಂತ ಆರಿಸುವ ಹಕ್ಕು ಗ್ರಾಹಕರಿಗೇ ಇರಬೇಕಿತ್ತು. ಅಮೆರಿಕದ ಒಪ್ಪಂದದಲ್ಲಿ ಇದ್ದದ್ದು ಅದೇ. ಇನ್ನೊಂದು ದಾರಿ 2019ರ ಗ್ರಾಹಕ ರಕ್ಷಣಾ ಕಾಯ್ದೆ. ಒಂದೇ ತೊಂದರೆ ಅನುಭವಿಸಿದ ಗ್ರಾಹಕರು ಗ್ರಾಹಕ ಆಯೋಗದ ಅನುಮತಿ ಪಡೆದು ಎಲ್ಲರ ಪರವಾಗಿ ಒಂದೇ ದೂರು ಕೊಡಬಹುದು. ವಕೀಲರೇ ಬೇಕು ಅಂತಲೂ ಇಲ್ಲ.

ಕೊನೆಗೆ, ಹಳೆಯ ಡೀಸೆಲ್ ಕಾರು ಕೊಳ್ಳಬೇಕು ಅಂತಿರುವವರಿಗೆ ಒಂದು ಮಾತು. ಪೆಟ್ರೋಲ್ ಬಂಕ್ ಹತ್ತಿರದ ಎಮಿಷನ್ ಟೆಸ್ಟ್ ಚೀಟಿ ನೋಡಿ ಸಮಾಧಾನ ಪಡಬೇಡಿ. ಡೀಸೆಲ್ ಕಾರಿಗೆ ಅಲ್ಲಿ ಅಳೆಯುವುದು ಹೊಗೆಯ ದಟ್ಟಣೆ ಮಾತ್ರ. ಈ ಹಗರಣದ ಮೂಲವಾದ ನೈಟ್ರೋಜನ್ ಆಕ್ಸೈಡನ್ನು ಆ ಯಂತ್ರ ಅಳೆಯುವುದೇ ಇಲ್ಲ. ಕಾರಿನ ಸರ್ವಿಸ್ ದಾಖಲೆ ಕೇಳಿ. ರೀಕಾಲ್ ಕೆಲಸ ಆಗಿದೆಯಾ, ಯಾವಾಗ ಆಯಿತು, ಆಮೇಲೆ ಇಜಿಆರ್ ವಾಲ್ವ್ ಬದಲಿಸಿದ್ದಾರಾ ಅಂತ ನೋಡಿ. ಚಾಸಿಸ್ ನಂಬರ್ ಕೊಟ್ಟು ಸರ್ವಿಸ್ ಸೆಂಟರ್‌ನಲ್ಲೇ ವಿಚಾರಿಸಿ. ಮಾರುವವರು ದಾಖಲೆ ತೋರಿಸಲು ಹಿಂದೆಮುಂದೆ ನೋಡಿದರೆ, ಆ ಕಾರು ಬೇಡ.

ನಮಸ್ಕಾರ.