ಎಲ್ಸಾಗೆ ಮನೆ ಓನರ್ ಯಾರು?

ನಮಸ್ಕಾರ, ಬನ್ನಿ. ಇವತ್ತು ಪೀಠಿಕೆ ಇಲ್ಲ. ಎರಡು ದಿನದಿಂದ ಒಂದು ಕಮೆಂಟ್ ತಲೆಯಲ್ಲೇ ಕೂತಿದೆ. ಕಳೆದ ಸಂಚಿಕೆಯ ಕೆಳಗೆ ಒಬ್ಬರು ಬರೆದಿದ್ದಾರೆ: "ಒಳ್ಳೆ ಆಟಿಕೆ ಮಾಡಿದವರು ಗೆಲ್ಲುತ್ತಾರೆ. ಸಿನಿಮಾ ಹೆಸರು ಸುಮ್ನೆ ಒಂದು ಸ್ಟಿಕ್ಕರ್." ಅದಕ್ಕೆ ರಾಶಿ ಲೈಕ್ ಬೇರೆ!

ಇಲ್ಲ ಸಾರ್. ಸ್ಟಿಕ್ಕರ್ ಅಲ್ಲ.

ನಮ್ಮ ಮನೆಯಲ್ಲಿ ಎರಡು ಎಲ್ಸಾ ಬೊಂಬೆ ಇವೆ. ಎಲ್ಸಾ ಅಂದರೆ ಡಿಸ್ನಿಯ 'ಫ್ರೋಜನ್' ಸಿನಿಮಾದ ರಾಣಿ. ದೊಡ್ಡವಳಿಗೆ 2017ರಲ್ಲಿ ತಂದದ್ದು ಒಂದು, ಚಿಕ್ಕವಳಿಗೆ 2023ರಲ್ಲಿ ತಂದದ್ದು ಇನ್ನೊಂದು. ಅದೇ ನೀಲಿ ಗೌನು, ಹೆಗಲ ಮೇಲೆ ಅದೇ ಜಡೆ. ಹಳೆಯ ಬೊಂಬೆಯ ಜಡೆಯನ್ನು ಮಗಳು ಬಾಚಿ ಬಾಚಿ ತೆಂಗಿನ ನಾರು ಮಾಡಿಟ್ಟಿದ್ದಾಳೆ. ನಿನ್ನೆ ಎರಡನ್ನೂ ತಿರುಗಿಸಿ, ಬೆನ್ನ ಮೇಲಿನ ಸಣ್ಣ ಅಕ್ಷರಕ್ಕೆ ಟಾರ್ಚ್ ಹಿಡಿದು ನೋಡಿದೆ. ಹಳೆಯದು ಹ್ಯಾಸ್ಬ್ರೋ, ಹೊಸದು ಮ್ಯಾಟೆಲ್. ಎರಡೂ ಅಮೆರಿಕದ ಆಟಿಕೆ ಕಂಪನಿಗಳು, ಕಟ್ಟಾ ಎದುರಾಳಿಗಳು! ಚಿಕ್ಕವಳನ್ನು ಕೇಳಿದರೆ, "ಎರಡೂ ಎಲ್ಸಾನೇ ಅಲ್ವಾ ಅಪ್ಪಾ?"

ಅಷ್ಟೇ ಸ್ವಾಮಿ ನಾನು ಹೇಳೋದು. ಮಗುವಿಗೆ ಕಂಪನಿ ಗೊತ್ತಿಲ್ಲ, ಎಲ್ಸಾ ಗೊತ್ತು. ಎಲ್ಸಾ ಡಿಸ್ನಿಯವಳು. ಆಟಿಕೆ ಕಂಪನಿ ಅಲ್ಲಿ ಬಾಡಿಗೆಗೆ ಇದೆ. ಮಾರಿದ ಪ್ರತಿ ಬೊಂಬೆಗೂ ರಾಯಲ್ಟಿ, ಅಂದರೆ ಹೆಸರು ಬಳಸಿದ್ದಕ್ಕೆ ಒಂದು ಪಾಲು, ಕಟ್ಟಬೇಕು. ದೊಡ್ಡ ಹೆಸರಾದರೆ ಮಾರಲಿ ಬಿಡಲಿ, ಇಷ್ಟು ಕೊಟ್ಟೇ ಕೊಡುತ್ತೇವೆ ಎಂಬ ಗ್ಯಾರಂಟಿಯೂ ಬೇಕು. ಕರಾರು ಮುಗಿದರೆ ಗಂಟುಮೂಟೆ ಕಟ್ಟಬೇಕು. ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಡಿಸ್ನಿ ಪ್ರಿನ್ಸೆಸ್, ಅಂದರೆ ಡಿಸ್ನಿ ಸಿನಿಮಾಗಳ ರಾಜಕುಮಾರಿಯರ ಬೊಂಬೆಗಳು ವರ್ಷಗಟ್ಟಲೆ ಮ್ಯಾಟೆಲ್ ಕೈಯಲ್ಲಿದ್ದವು. 2013ರಲ್ಲಿ ಮ್ಯಾಟೆಲ್ 'ಎವರ್ ಆಫ್ಟರ್ ಹೈ' ಎಂದು ತನ್ನದೇ ರಾಜಕುಮಾರಿಯರ ಸಾಲು ತಂದಿತು. ಅಂದರೆ ಬಾಡಿಗೆದಾರ ಪಕ್ಕದಲ್ಲೇ ಸ್ವಂತ ಸೈಟಿಗೆ ಪಾಯ ತೋಡಿದ ಹಾಗೆ. ಡಿಸ್ನಿಗೆ ಇದು ಹಿಡಿಸಲಿಲ್ಲ ಎಂದು ಆಗ ವರದಿಗಳು ಬಂದವು. 2014ರಲ್ಲಿ ಸುದ್ದಿ ಹೊರಬಿತ್ತು: 2016ರಿಂದ ಪ್ರಿನ್ಸೆಸ್, ಫ್ರೋಜನ್ ಎರಡೂ ಹ್ಯಾಸ್ಬ್ರೋಗೆ. 2015ರ ಜನವರಿಯಲ್ಲಿ ಮ್ಯಾಟೆಲ್ ಮುಖ್ಯಸ್ಥ ಬ್ರಯಾನ್ ಸ್ಟಾಕ್‌ಟನ್ ಕುರ್ಚಿ ಬಿಟ್ಟರು. ಬಾರ್ಬಿ ಮಾರಾಟವೂ ಆಗ ಕುಗ್ಗಿತ್ತು, ಒಪ್ಪುತ್ತೇನೆ. ಆದರೆ ಮ್ಯಾಟೆಲ್‌ಗೆ ಇದೂ ದೊಡ್ಡ ಪೆಟ್ಟೇ. 2022ರಲ್ಲಿ ಮತ್ತೆ ತಿರುವು: ಮ್ಯಾಟೆಲ್ ಅದೇ ಲೈಸೆನ್ಸ್, ಅಂದರೆ ಆ ಬೊಂಬೆ ಮಾಡಿ ಮಾರುವ ಹಕ್ಕು, ವಾಪಸ್ ಗೆದ್ದಿತು, 2023ರಿಂದ ಎಲ್ಸಾ ಮತ್ತೆ ಅಲ್ಲಿ. ಈ ಹತ್ತು ವರ್ಷದಲ್ಲಿ ಎಲ್ಸಾ ಬದಲಾದಳಾ? ಇಲ್ಲ. ಬಾಡಿಗೆದಾರ ಬದಲಾದ. ಓನರ್ ಆರಾಮಾಗಿದ್ದಾನೆ!

ನೋಡುತ್ತಾ ಇದ್ದೀರಲ್ಲ, ಸಬ್‌ಸ್ಕ್ರೈಬ್ ಒತ್ತಿಬಿಡಿ. ಕನ್ನಡದಲ್ಲಿ ಆಟಿಕೆ ವ್ಯಾಪಾರದ ಬಗ್ಗೆ ಮಾತಾಡುವವರು ಬಹಳ ಕಮ್ಮಿ. ನೀವು ಜೊತೆಗಿದ್ದರೆ ನಡೆಯುತ್ತೆ.

"ಆಟಿಕೆ ಚೆನ್ನಾಗಿದ್ದರೆ ಸಾಕು" ಅಂದಿರಲ್ಲ, 1977ಕ್ಕೆ ಬನ್ನಿ. ಸ್ಟಾರ್ ವಾರ್ಸ್ ಲೈಸೆನ್ಸ್ ಮೊದಲು ಮೇಗೋ ಕಂಪನಿಯ ಬಾಗಿಲಿಗೆ ಬಂದಿತ್ತು. ಸೂಪರ್‌ಹೀರೋ ಬೊಂಬೆಗಳಲ್ಲಿ ಅವರದೇ ದರ್ಬಾರು. ಬೇಡ ಅಂದರು. ಸಿನ್ಸಿನಾಟಿಯ ಕೆನರ್ ತೆಗೆದುಕೊಂಡಿತು. ಸಿನಿಮಾ ಮೇ ತಿಂಗಳಲ್ಲಿ ಬಂತು, ಕ್ರಿಸ್‌ಮಸ್ ಹೊತ್ತಿಗೂ ಬೊಂಬೆ ರೆಡಿ ಇಲ್ಲ. ಕೆನರ್ ಏನು ಮಾರಿತು ಗೊತ್ತಾ? ರಟ್ಟಿನ ಲಕೋಟೆ! ಒಳಗೆ ಒಂದು ಸರ್ಟಿಫಿಕೇಟು. ಅದನ್ನು ಅಂಚೆಯಲ್ಲಿ ಕಳಿಸಿದರೆ 1978ರಲ್ಲಿ ನಾಲ್ಕು ಬೊಂಬೆ ಮನೆಗೆ ಬರುತ್ತವೆ. ಜನ ದುಡ್ಡು ಕೊಟ್ಟು ಕೊಂಡರು. ಬೊಂಬೆಯೇ ಇಲ್ಲದ ಲಕೋಟೆ ಮಾರಾಟ ಆಯ್ತು ಸಾರ್, ಇನ್ನೆಲ್ಲಿಯ ಒಳ್ಳೆ ಆಟಿಕೆ! ಮೇಗೋ 1982ರಲ್ಲಿ ದಿವಾಳಿ ಅರ್ಜಿ ಹಾಕಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಆ ಒಂದು 'ಬೇಡ' ಎಷ್ಟು ದುಬಾರಿ ಆಯ್ತು, ನೀವೇ ಹೇಳಿ.

"ಪ್ಲಾಸ್ಟಿಕ್ ಇಟ್ಟಿಗೆ ಜೋಡಿಸೋ ಆಟಿಕೆಯ ಲೆಗೋ ಸ್ವಂತ ಬಲದ ಮೇಲೆ ನಿಂತಿಲ್ವಾ?" ಅಂತೀರಿ. ಲೆಗೋ ಕೂಡ 1999ರಲ್ಲಿ ಸ್ಟಾರ್ ವಾರ್ಸ್, 2001ರಲ್ಲಿ ಹ್ಯಾರಿ ಪಾಟರ್ ಹೊಕ್ಕಿತು. ಮಾರಾಟ ಏರಿತು. 2003ರಲ್ಲಿ ಎರಡರದ್ದೂ ಹೊಸ ಸಿನಿಮಾ ಬರಲಿಲ್ಲ. ಆ ವರ್ಷ ಲೆಗೋಗೆ ಭಾರಿ ನಷ್ಟ. ಖರ್ಚು ಕೈಮೀರಿದ್ದೂ ನಿಜ. ಆದರೂ ನೋಡಿ, ಇನ್ಯಾರದೋ ಸಿನಿಮಾ ಯಾವ ತಿಂಗಳು ಬರುತ್ತೆ ಎಂದು ಕಾಯುತ್ತಾ ಕಾರ್ಖಾನೆ ನಡೆಸಬೇಕು. ಆಗ ಕೈಹಿಡಿದ ಸರಕುಗಳಲ್ಲಿ ಬಯೋನಿಕಲ್ ಎಂಬ ರೋಬೋಟ್ ಥರದ ಬೊಂಬೆಗಳ ಸಾಲು ಒಂದು. ಅದರ ಕಥೆ ಲೆಗೋದ್ದೇ!

ಇನ್ನೊಬ್ಬರು ಬರೆದಿದ್ದಾರೆ, "ಮ್ಯಾಟೆಲ್‌ಗೆ ಬಾರ್ಬಿ ಇದೆಯಲ್ಲ." ಇದೆ! ಅದಕ್ಕೇ ತಾನೇ 2023ರಲ್ಲಿ ಬಾರ್ಬಿಯದ್ದೇ ಸಿನಿಮಾ ಬಂದದ್ದು? ಬಾಡಿಗೆ ಕಟ್ಟಿ ಸಾಕಾದವರೇ ಸ್ವಂತ ಮನೆ ಕಟ್ಟೋದು. ನನ್ನ ಮಾತನ್ನೇ ನನಗೆ ವಾಪಸ್ ಹೇಳ್ತಿದ್ದೀರಿ!

ಬಾಡಿಗೆ ಸಾರ್, ಬಾಡಿಗೆ! ಇಬ್ಬರು ಕಾದಾಡುತ್ತಿರುವುದು ಬೊಂಬೆಗಲ್ಲ, ಬೀಗದ ಕೈಗೆ. ಇನ್ನೂ ನಂಬಿಕೆ ಇಲ್ವಾ? ಈಗಲೇ ಎದ್ದು ಹೋಗಿ. ಮನೆಯಲ್ಲಿರುವ ಯಾವುದಾದರೂ ಸಿನಿಮಾ ಬೊಂಬೆ ತಿರುಗಿಸಿ, ಬೆನ್ನ ಮೇಲೆ ಯಾರ ಹೆಸರಿದೆ ಓದಿ. ಆಮೇಲೆ ಮಗುವನ್ನು ಕೇಳಿ, ಇದು ಯಾರು ಅಂತ. ಎರಡೂ ಉತ್ತರ ಕಮೆಂಟಿನಲ್ಲಿ ಹಾಕಿ. ಮುಂದಿನ ಶನಿವಾರ ಎಲ್ಲವನ್ನೂ ಓದುತ್ತೇನೆ.